ದೂರ ಮತ್ತು ಹೊತ್ತು: ಬಾರಾಮತಿ–ಬೆಳಗಾವಿ ವಿಮಾನ ನೆಲೆಗಳ ನಡುವಣ ಅಂತರದ ವಿವೇಚನೆ

‘ಆ ಊರು ಎಷ್ಟು ದೂರ?’ ಎಂಬ ಪ್ರಶ್ನೆಗೆ ಕನ್ನಡಿಗರು ಹಿಂದಿನಿಂದಲೂ ಎರಡು ಬಗೆಯಲ್ಲಿ ಉತ್ತರ ಹೇಳುತ್ತ ಬಂದಿದ್ದಾರೆ. ಎರಡು ಹರದಾರಿ, ನಾಲ್ಕು ಗಾವುದ ಎಂಬುದು ಒಂದು ಬಗೆ. ನಸುಕಿನಲ್ಲಿ ಬಿಟ್ಟರೆ ಊಟದ ಹೊತ್ತಿಗೆ ಮುಟ್ಟಬಹುದು, ಒಂದು ದಿನದ ದಾರಿ ಎಂಬುದು ಇನ್ನೊಂದು ಬಗೆ. ಮೊದಲನೆಯದು ನೆಲದ ಅಳತೆ. ಎರಡನೆಯದು ಕಾಲದ ಅಳತೆ. ಇವೆರಡನ್ನೂ ದೂರವೆಂಬ ಒಂದೇ ಮಾತಿನಿಂದ ಕರೆಯುವುದು ಭಾಷೆಯ ರೂಢಿ. ನಿತ್ಯವ್ಯವಹಾರದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಶಾಸನದಲ್ಲಿಯೋ ಕಾವ್ಯದಲ್ಲಿಯೋ ಬರುವ ದೂರವನ್ನು ಅರ್ಥೈಸುವಾಗ, ಇಂದಿನ ಪ್ರಯಾಣದ ಅಂಕಿಗಳನ್ನು ಓದುವಾಗ, ಈ ಎರಡು ಅಳತೆಗಳನ್ನು ಬೇರ್ಪಡಿಸದಿದ್ದರೆ ತಪ್ಪು ತೀರ್ಮಾನಗಳಿಗೆ ದಾರಿಯಾಗುತ್ತದೆ.

ಈ ಮಾತನ್ನು ಒಂದು ನಿರ್ದಿಷ್ಟ ನಿದರ್ಶನದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನವಾಗಿ ಆರಿಸಿಕೊಂಡಿರುವುದು ಎರಡು ಪ್ರಾದೇಶಿಕ ವಿಮಾನ ನೆಲೆಗಳ ನಡುವಣ ಅಂತರವನ್ನು. ಒಂದು, ಮಹಾರಾಷ್ಟ್ರದ ಪುಣೆ ಜಿಲ್ಲೆಯ ಬಾರಾಮತಿ. ಇನ್ನೊಂದು, ಕರ್ನಾಟಕದ ಬೆಳಗಾವಿಯ ಸಾಂಬ್ರಾ. ಇವೆರಡರ ನಡುವೆ ಪ್ರಯಾಣಿಕರ ನಿಯತ ವಿಮಾನ ಸಂಚಾರವಿಲ್ಲ. ಹಾಗಿದ್ದರೂ ಇವುಗಳ ನಡುವಣ ‘ವೈಮಾನಿಕ ದೂರ’ ಇಷ್ಟು, ‘ಹಾರಾಟದ ಅವಧಿ’ ಇಷ್ಟು ಎಂದು ಹೇಳಲು ಸಾಧ್ಯವಿದೆ. ಯಾರೂ ನಡೆಯದ ದಾರಿಗೆ ದೂರವನ್ನೂ ಹೊತ್ತನ್ನೂ ಹೇಳಬಹುದಾದರೆ ಆ ಹೇಳಿಕೆಗೆ ಯಾವ ಅರ್ಥವಿದೆ ಎಂಬುದು ವಿಚಾರಾರ್ಹವಾದ ಸಂಗತಿ.

1. ಎರಡು ನೆಲೆಗಳು

ಬಾರಾಮತಿಯು ಕರ್ಹಾ ನದಿಯ ದಂಡೆಯ ಊರು. ಹದಿನೆಂಟನೆಯ ಶತಮಾನದ ಮರಾಠಿ ಕವಿ ಮೋರೋಪಂತ (1729–1794) ಪನ್ಹಾಳದಲ್ಲಿ ಹುಟ್ಟಿ ಈ ಊರಿನಲ್ಲಿ ನೆಲೆಸಿ ಕಾವ್ಯರಚನೆ ಮಾಡಿದವನು. ಇಂದು ಇದು ಕಬ್ಬು, ದ್ರಾಕ್ಷಿ, ಹಾಲು ಮತ್ತು ಕೈಗಾರಿಕೆಗಳ ಊರಾಗಿ ಹೆಸರಾಗಿದೆ. ಊರಿನ ಹೊರಗೆ ಕೈಗಾರಿಕಾ ಪ್ರದೇಶದ ಬಳಿ ಇರುವ ವಿಮಾನ ನೆಲೆಯ ಓಡುದಾರಿ ಸುಮಾರು 1.7 ಕಿ.ಮೀ. ಉದ್ದದ್ದು. ವಿಮಾನ ನಡೆಸುವುದನ್ನು ಕಲಿಯುವವರ ತರಬೇತಿಗೆ ಈ ನೆಲೆ ಮುಖ್ಯವಾಗಿ ಬಳಕೆಯಾಗುತ್ತ ಬಂದಿದೆ.

ಸಾಂಬ್ರಾ ಬೆಳಗಾವಿ ನಗರಕ್ಕೆ ಪೂರ್ವದಲ್ಲಿ ಸುಮಾರು 10 ಕಿ.ಮೀ. ಅಂತರದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ವಿಮಾನ ನೆಲೆ ನಿರ್ಮಾಣವಾಯಿತು. ಭಾರತೀಯ ವಾಯುಪಡೆಯ ಯೋಧರ ತರಬೇತಿ ಶಾಲೆ ಇಲ್ಲಿದೆ. ನಾಗರಿಕ ವಿಮಾನ ನಿಲ್ದಾಣದ ಓಡುದಾರಿಯನ್ನು ಈಚಿನ ದಶಕದಲ್ಲಿ 2,300 ಮೀಟರಿಗೆ ವಿಸ್ತರಿಸಲಾಗಿದೆ. ಹೀಗೆ ಎರಡೂ ಕಲಿಕೆಯ ನೆಲೆಗಳೆಂಬುದು ಗಮನಿಸಬೇಕಾದ ಸಾಮ್ಯ.

ಕನ್ನಡ ನಾಡಿನ ವಿಮಾನಯಾನಕ್ಕೆ ಇದಕ್ಕೂ ಹಿಂದಿನ ಚರಿತ್ರೆಯಿದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬುವರು ಆ ಅಂಚೆಯನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮುಂಬಯಿಯಿಂದ ಮದ್ರಾಸಿಗೆ ಒಂದೇ ನೆಗೆತದಲ್ಲಿ ಹೋಗಲು ಆ ಸಣ್ಣ ವಿಮಾನಕ್ಕೆ ಸಾಧ್ಯವಿರಲಿಲ್ಲವಾದ್ದರಿಂದ ನಡುವೆ ಒಂದು ತಂಗುದಾಣ ಬೇಕಾಯಿತು. ವಿಮಾನದ ದಾರಿಯನ್ನು ನಕ್ಷೆಯ ಗೆರೆ ಮಾತ್ರವೇ ನಿರ್ಧರಿಸುವುದಿಲ್ಲ. ಇಳಿಯಲು ಎಲ್ಲಿ ನೆಲವಿದೆ ಎಂಬುದೂ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಮೊದಲ ನಿದರ್ಶನವೆನ್ನಬಹುದು.

2. ನೇರ ದೂರದ ಲೆಕ್ಕ

ಬಾರಾಮತಿಯ ವಿಮಾನ ನೆಲೆ ಉತ್ತರ ಅಕ್ಷಾಂಶ ಸುಮಾರು 18 ಅಂಶ 13½ ಕಲೆಯಲ್ಲಿದೆ. ಸಾಂಬ್ರಾ 15 ಅಂಶ 51½ ಕಲೆಯಲ್ಲಿದೆ. ಅಂಶವನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಕಲೆ ಅಥವಾ ಲಿಪ್ತವೆಂಬ ಹೆಸರು ಭಾರತೀಯ ಜ್ಯೋತಿಷದಲ್ಲಿ ಹಳೆಯದು. ರೇಖಾಂಶದಲ್ಲಿ ಇವೆರಡು ನೆಲೆಗಳ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಪೂರ್ವ ರೇಖಾಂಶ ಎಪ್ಪತ್ತನಾಲ್ಕೂವರೆ ಅಂಶದ ಆಚೆ, ಬಹುಮಟ್ಟಿಗೆ ಒಂದೇ ಉತ್ತರ–ದಕ್ಷಿಣ ರೇಖೆಯ ಮೇಲೆ ಇವೆ. ಎಂದರೆ ಬಾರಾಮತಿಯಿಂದ ಹೊರಟು ನೇರ ದಕ್ಷಿಣಕ್ಕೆ ನಡೆದರೆ ಬೆಳಗಾವಿಯ ಬಳಿಗೇ ಬಂದು ಸೇರಬಹುದು.

ಇದರಿಂದ ಲೆಕ್ಕ ಬಹಳ ಸರಳವಾಗುತ್ತದೆ. ಎರಡು ಅಕ್ಷಾಂಶಗಳ ವ್ಯತ್ಯಾಸ 2 ಅಂಶ 22 ಕಲೆ, ಅಂದರೆ 142 ಕಲೆ. ಭೂಮಿಯ ಮಹಾವೃತ್ತದ ಒಂದು ಕಲೆಯಷ್ಟು ಉದ್ದವೇ ನಾವಿಕರೂ ವೈಮಾನಿಕರೂ ಬಳಸುವ ನಾಟಿಕಲ್ ಮೈಲಿ. ಅದರ ಈಗಿನ ನಿಗದಿತ ಮಾನ 1,852 ಮೀಟರು. ಆದ್ದರಿಂದ ದೂರ ಸುಮಾರು 142 ನಾಟಿಕಲ್ ಮೈಲಿ, ಎಂದರೆ ಸುಮಾರು 263 ಕಿ.ಮೀ. ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗಕ್ಕೆ ನಾಟ್ ಎಂದು ಹೆಸರು. ವೈಮಾನಿಕರು ಮೀಟರನ್ನು ಬಿಟ್ಟು ಈ ಮಾನವನ್ನು ಉಳಿಸಿಕೊಂಡಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಆಕಾಶದ ಕೋನವೂ ನೆಲದ ದೂರವೂ ಇಲ್ಲಿ ಒಂದೇ ಅಂಕಿಯಲ್ಲಿ ಕೂಡಿಕೊಳ್ಳುತ್ತವೆ.

ಈ ಬಗೆಯ ವಿಚಾರ ಭಾರತೀಯ ಗಣಿತಕ್ಕೆ ಹೊಸದಲ್ಲ. ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯ (1150) ಗೋಲಾಧ್ಯಾಯದಲ್ಲಿ ಇದೇ ತತ್ತ್ವವನ್ನು ತಿರುವುಮುರುವಾಗಿ ಬಳಸಿದ್ದಾನೆ. ಒಂದೇ ದಕ್ಷಿಣೋತ್ತರ ರೇಖೆಯ ಮೇಲಿರುವ ಎರಡು ಊರುಗಳ ಅಕ್ಷಾಂಶಗಳ ಅಂತರವೂ ನೆಲದ ದೂರವೂ ತಿಳಿದಿದ್ದರೆ ತ್ರೈರಾಶಿಕದಿಂದ ಭೂಮಿಯ ಸುತ್ತಳತೆಯನ್ನು ಕಂಡುಹಿಡಿಯಬಹುದು ಎಂಬುದು ಅವನ ವಿವರಣೆ. ಬಾರಾಮತಿ–ಸಾಂಬ್ರಾ ಜೋಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ. 2 ಅಂಶ 22 ಕಲೆಗೆ 263 ಕಿ.ಮೀ. ಆದರೆ 360 ಅಂಶಕ್ಕೆ ಎಷ್ಟು ಎಂದು ಲೆಕ್ಕಿಸಿದರೆ 40,000 ಕಿ.ಮೀ.ಗೆ ತೀರ ಸಮೀಪದ ಅಂಕಿ ಬರುತ್ತದೆ. ಭೂಮಿಯ ಸುತ್ತಳತೆ ಅಷ್ಟೇ.

ಅಕ್ಷಾಂಶವನ್ನು ಹಿಂದಿನವರು ತಿಳಿಯುತ್ತಿದ್ದುದು ನೆರಳಿನಿಂದ. ಸಮತಟ್ಟಾದ ನೆಲದ ಮೇಲೆ ಹನ್ನೆರಡು ಅಂಗುಲದ ಶಂಕುವನ್ನು ನಿಲ್ಲಿಸಿ, ಹಗಲಿರುಳು ಸಮವಾಗಿರುವ ವಿಷುವದ್ದಿನದ ನಡುಹಗಲಿನಲ್ಲಿ ಅದರ ನೆರಳನ್ನು ಅಳೆಯುತ್ತಿದ್ದರು. ಆ ನೆರಳಿಗೆ ಪಲಭಾ ಎಂದು ಹೆಸರು. ಬಾರಾಮತಿಯಲ್ಲಿ ಈ ನೆರಳು ಸುಮಾರು 3.95 ಅಂಗುಲ, ಸಾಂಬ್ರಾದಲ್ಲಿ ಸುಮಾರು 3.4 ಅಂಗುಲ ಬೀಳುತ್ತದೆ. ಅರ್ಧ ಅಂಗುಲಕ್ಕಿಂತ ತುಸು ಹೆಚ್ಚಿನ ಈ ವ್ಯತ್ಯಾಸದೊಳಗೆ 263 ಕಿ.ಮೀ. ಅಡಗಿದೆ.

ಎರಡು ಊರುಗಳು ಒಂದೇ ರೇಖೆಯ ಮೇಲಿರದಿದ್ದರೆ ಲೆಕ್ಕ ಸ್ವಲ್ಪ ಜಟಿಲವಾಗುತ್ತದೆ. ಕಲಬುರ್ಗಿಯ ವಿಮಾನ ನಿಲ್ದಾಣ (2019ರಲ್ಲಿ ಸಂಚಾರಕ್ಕೆ ತೆರೆಯಿತು) ಬಾರಾಮತಿಯ ಆಗ್ನೇಯಕ್ಕೆ ಸುಮಾರು 270 ಕಿ.ಮೀ. ದೂರದಲ್ಲಿದೆ. ಬೆಳಗಾವಿಗೂ ಅದಕ್ಕೂ ದೂರದಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ ಕಲಬುರ್ಗಿಯಲ್ಲಿ ಸೂರ್ಯನು ನೆತ್ತಿಗೆ ಬರುವುದು ಬಾರಾಮತಿಗಿಂತ ಒಂಬತ್ತು–ಹತ್ತು ನಿಮಿಷ ಮೊದಲು; ಬೆಳಗಾವಿಯಲ್ಲಾದರೋ ಬಾರಾಮತಿಯ ಹೊತ್ತಿಗೇ. ಇಂಥ ಓರೆಯಾದ ದೂರಗಳನ್ನು ಗೋಲದ ಮೇಲೆ ಎಣಿಸಲು ಇಂದು ಬಳಸುವ ಸೂತ್ರದಲ್ಲಿ ಉತ್ಕ್ರಮಜ್ಯೆಯ ಅರ್ಧವನ್ನು ತೆಗೆದುಕೊಳ್ಳುತ್ತಾರೆ. ಜ್ಯಾ, ಉತ್ಕ್ರಮಜ್ಯಾ ಎಂಬ ಪರಿಕಲ್ಪನೆಗಳು ಸೂರ್ಯಸಿದ್ಧಾಂತವನ್ನು ಓದಿದವರಿಗೆ ಪರಿಚಿತ. ಯೂರೋಪಿನ ‘ಸೈನ್’ ಎಂಬ ಶಬ್ದವೇ ಈ ‘ಜ್ಯಾ’ ಅರಬ್ಬಿಯ ಮೂಲಕ ಹೋಗಿ, ಅಲ್ಲಿ ಬೇರೊಂದು ಶಬ್ದವೆಂದು ತಿಳಿಯಲ್ಪಟ್ಟು, ಲ್ಯಾಟಿನ್ನಿಗೆ ಅನುವಾದಗೊಂಡದ್ದರ ಫಲ. ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಹೇಳುವ ಪರಂಪರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತದಷ್ಟು ಹಿಂದಿನದಾದ್ದರಿಂದ, ಇವನ್ನೆಲ್ಲ ಕನ್ನಡದಲ್ಲಿ ವಿವರಿಸಲು ಪರಿಭಾಷೆಯ ಕೊರತೆಯಿದೆ ಎನ್ನುವಂತಿಲ್ಲ.

3. ನೆಲದ ದಾರಿ, ಹಳಿಯ ದಾರಿ, ನೀರಿನ ದಾರಿ

263 ಕಿ.ಮೀ. ಎಂಬುದು ಯಾರೂ ನಡೆಯದ ದೂರ. ನೆಲದ ಮೇಲೆ ಹೋಗುವವರು ಫಲಟಣ, ಸಾತಾರಾ, ಕರಾಡ, ಕೊಲ್ಲಾಪುರಗಳ ಮೂಲಕ ಸುತ್ತಿ ಬರಬೇಕು; ಆ ದಾರಿ 300 ಕಿ.ಮೀ.ಯನ್ನು ಮೀರುತ್ತದೆ. ರೈಲಿನ ಸ್ಥಿತಿ ಇನ್ನೂ ವಿಚಿತ್ರವಾದದ್ದು. ಬಾರಾಮತಿಯಿಂದ ಬಹುಕಾಲದಿಂದ ಇರುವ ಹಳಿ ಉತ್ತರದ ದೌಂಡ್ ಜಂಕ್ಷನ್ನಿಗೆ ಹೋಗುತ್ತದೆ. ದಕ್ಷಿಣದ ಬೆಳಗಾವಿಗೆ ಬರಬೇಕಾದವರು ಈ ಹಳಿಯಲ್ಲಿ ಮೊದಲು ಉತ್ತರಕ್ಕೆ ಹೋಗಿ, ದೌಂಡಿನಿಂದ ಪಶ್ಚಿಮಕ್ಕೆ ಪುಣೆಗೆ ಹೊರಳಿ, ಅಲ್ಲಿಂದ ಸಾತಾರಾ, ಮೀರಜ್‌ಗಳ ಮೇಲೆ ದಕ್ಷಿಣಕ್ಕೆ ಇಳಿಯಬೇಕು. ಒಟ್ಟು ದಾರಿ 500 ಕಿ.ಮೀ.ಗೂ ಹೆಚ್ಚು, ನೇರ ದೂರದ ಸುಮಾರು ಇಮ್ಮಡಿ. ವಿಮಾನವನ್ನೇ ಹಿಡಿಯಬೇಕೆನ್ನುವವರು ಪುಣೆಯ ಲೋಹಗಾಂವ್ ನಿಲ್ದಾಣಕ್ಕೆ ಹೋಗಬೇಕು. ಅದೂ ಬಾರಾಮತಿಯಿಂದ ರಸ್ತೆಯಲ್ಲಿ ಸುಮಾರು 100 ಕಿ.ಮೀ.

ಇನ್ನೊಂದು ದಾರಿ ನೀರಿನದು. ಕರ್ಹೆಯು ನೀರಾ ನದಿಯನ್ನು, ನೀರೆಯು ನೀರಾ ನರಸಿಂಹಪುರದ ಬಳಿ ಭೀಮೆಯನ್ನು ಸೇರುತ್ತದೆ. ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಳ್ಳುವ ಭೀಮೆ ಮುಂದೆ ವಿಜಯಪುರ, ಕಲಬುರ್ಗಿ ಸೀಮೆಗಳಲ್ಲಿ ಹರಿದು, ದೇವಲ ಗಾಣಗಾಪುರ, ಸನ್ನತಿಗಳನ್ನು ಹಾದು, ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಬಾರಾಮತಿಯ ಮಳೆಯ ನೀರು ಯಾವ ನಿಲ್ದಾಣವನ್ನೂ ಕೇಳದೆ ಕನ್ನಡದ ಗದ್ದೆಗಳಿಗೆ ಬರುತ್ತದೆ. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳುವಾಗ ನಾಡಿನ ವಿಸ್ತಾರವನ್ನು ಗಾವುದಗಳಲ್ಲಿ ಹೇಳದೆ ಎರಡು ನದಿಗಳಿಂದ ಗುರುತಿಸಿತೆಂಬುದನ್ನು ಇಲ್ಲಿ ನೆನೆಯಬೇಕು.

ಕಾಲುನಡಿಗೆಯ ದಾರಿಯೂ ಇಲ್ಲಿದೆ. ತುಕಾರಾಮರ ಪಾಲಖಿ ಆಷಾಢದ ವಾರಿಯಲ್ಲಿ ದೇಹುವಿನಿಂದ ಹೊರಟು ಬಾರಾಮತಿ, ಇಂದಾಪುರಗಳನ್ನು ಹಾದು ಪಂಢರಪುರಕ್ಕೆ ಹೋಗುತ್ತದೆ. ಆ ದಾರಿ ಸುಮಾರು 250 ಕಿ.ಮೀ.; ಬಾರಾಮತಿ–ಬೆಳಗಾವಿ ನೇರ ದೂರಕ್ಕೆ ಹೆಚ್ಚುಕಡಿಮೆ ಸಮಾನ. ಅದಕ್ಕೆ ಹಿಡಿಯುವ ಕಾಲ ಸುಮಾರು ಮೂರು ವಾರ. ವಾರಕರಿಗಳು ಈ ದಾರಿಯನ್ನು ಕಿಲೋಮೀಟರುಗಳಲ್ಲಿ ಎಣಿಸುವುದಿಲ್ಲ, ಮುಕ್ಕಾಮುಗಳಲ್ಲಿ ಎಣಿಸುತ್ತಾರೆ. ಹಳಗನ್ನಡದ ಪಯಣ, ನಿಚ್ಚವಯಣ, ಬೀಡು ಎಂಬ ಮಾತುಗಳ ಹಿಂದೆಯೂ ಇದೇ ಎಣಿಕೆಯಿದೆ. ಶಾಸನಗಳಲ್ಲಿ ಅರಸನು ಇಂಥ ನೆಲೆವೀಡಿನಲ್ಲಿ ಇದ್ದನೆಂದು ಹೇಳಿದಾಗ, ಒಂದು ನೆಲೆವೀಡಿನಿಂದ ಇನ್ನೊಂದಕ್ಕೆ ಇರುವ ಅಂತರವನ್ನು ಪಡೆ, ಎತ್ತು, ನೀರು, ಮೇವುಗಳ ದೃಷ್ಟಿಯಿಂದ ಊಹಿಸಬೇಕೇ ಹೊರತು ನಕ್ಷೆಯ ಮೇಲೆ ಗೆರೆ ಎಳೆದು ತೀರ್ಮಾನಿಸಲಾಗದು.

4. ಹಾರಾಟದ ಅವಧಿ

ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಬರುತ್ತದೆ ಎಂಬುದು ಶಾಲೆಯ ಪಾಠ. ತರಬೇತಿಯ ಸಣ್ಣ ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿ ಹಾರಿದರೆ 263 ಕಿ.ಮೀ.ಗೆ ಸುಮಾರು 1 ಗಂಟೆ 19 ನಿಮಿಷ ಬೇಕು. ಪ್ರಾದೇಶಿಕ ಮಾರ್ಗಗಳಲ್ಲಿ ಬಳಸುವ, ಪಂಖಗಳುಳ್ಳ ಎಪ್ಪತ್ತು ಆಸನದ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದ್ದಾದರೆ 32 ನಿಮಿಷ ಸಾಕು. ಆದರೆ ಈ ಭಾಗಾಕಾರ ಸತ್ಯದ ಒಂದು ಅಂಶ ಮಾತ್ರ.

ಮೊದಲನೆಯದಾಗಿ, ವಿಮಾನ ತನ್ನ ಪೂರ್ಣ ವೇಗದಲ್ಲಿ ಹಾರುವುದು ದಾರಿಯ ನಡುಭಾಗದಲ್ಲಿ ಮಾತ್ರ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ದಾರಿ ಚಿಕ್ಕದಾದಷ್ಟೂ ಈ ಏರಿಳಿತದ ಪಾಲು ಹೆಚ್ಚು. ದೊಡ್ಡ ಜೆಟ್ ವಿಮಾನ ಇಷ್ಟು ಚಿಕ್ಕ ದಾರಿಯಲ್ಲಿ ತನ್ನ ಸಹಜ ಎತ್ತರವನ್ನು ಮುಟ್ಟುವಷ್ಟರಲ್ಲಿ ಇಳಿಯತೊಡಗಬೇಕಾಗುತ್ತದೆ.

ಎರಡನೆಯದಾಗಿ, ಓಡುದಾರಿಯ ದಿಕ್ಕು. ಓಡುದಾರಿಯ ತುದಿಗಳಲ್ಲಿ ಬರೆದಿರುವ ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ಅದು ಚಾಚಿರುವ ದಿಕ್ಕಿನ ಕೋನ ದೊರೆಯುತ್ತದೆ. ಬಾರಾಮತಿಯ ಓಡುದಾರಿ 11–29, ಸಾಂಬ್ರಾದ್ದು 08–26. ಎರಡೂ ಬಹುಮಟ್ಟಿಗೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ಪ್ರಯಾಣವಾದರೋ ಉತ್ತರ–ದಕ್ಷಿಣ. ಆದ್ದರಿಂದ ವಿಮಾನ ಹೊರಡುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಹೊರಳಬೇಕು. ನಕ್ಷೆಯ ನೇರ ಗೆರೆಯಲ್ಲಿ ಈ ಹೊರಳುವಿಕೆ ಕಾಣಿಸದು.

ಮೂರನೆಯದಾಗಿ, ಗಾಳಿ. ಮುಂಗಾರಿನ ದಿನಗಳಲ್ಲಿ ಈ ಸೀಮೆಯ ಮೇಲೆ ಗಾಳಿ ಪಡುವಣದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವ ವಿಮಾನಕ್ಕೆ ಅದು ಅಡ್ಡಗಾಳಿ. ತುಂಬಿದ ಹೊಳೆಯಲ್ಲಿ ಎದುರುದಂಡೆಯ ಗುರಿಯನ್ನು ಮುಟ್ಟಬೇಕಾದ ಅಂಬಿಗ ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ಓರೆಯಾಗಿ ಹಿಡಿಯುವಂತೆ, ಚಾಲಕನೂ ವಿಮಾನವನ್ನು ಗಾಳಿ ಬರುವ ಕಡೆಗೆ ಓರೆಯಾಗಿಸಬೇಕು. 200 ಕಿ.ಮೀ. ವೇಗದ ವಿಮಾನಕ್ಕೆ 40 ಕಿ.ಮೀ. ವೇಗದ ಅಡ್ಡಗಾಳಿ ಬೀಸಿದರೆ ಓರೆ ಸುಮಾರು ಹನ್ನೊಂದೂವರೆ ಅಂಶ. ನೆಲದ ಮೇಲಣ ವೇಗ 196 ಕಿ.ಮೀ.ಗೆ ಇಳಿಯುತ್ತದೆ. ಅದೇ ಗಾಳಿ ದಾರಿಗುಂಟ ಬೀಸಿದರೆ ಪರಿಣಾಮ ದೊಡ್ಡದು. ಹಿಂದಿನಿಂದ ಬೀಸಿದಾಗ ಸುಮಾರು 66 ನಿಮಿಷದಲ್ಲಿ ಮುಗಿಯುವ ಹಾರಾಟ ಎದುರಿನಿಂದ ಬೀಸಿದಾಗ ಸುಮಾರು 99 ನಿಮಿಷ ಹಿಡಿಯುತ್ತದೆ. ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ಸರಿದೂಗಿಸೀತೆಂದು ತೋರಬಹುದು, ಹಾಗಾಗುವುದಿಲ್ಲ. ಗಾಳಿಯಿಲ್ಲದ ದಿನದ ಹೋಗಿಬರುವ ಒಟ್ಟು ಹೊತ್ತಿಗಿಂತ ಇದು ಆರೇಳು ನಿಮಿಷ ಹೆಚ್ಚೇ ಆಗುತ್ತದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದೇ ಇದಕ್ಕೆ ಕಾರಣ. ಒಂದೇ ದೂರಕ್ಕೆ ಎರಡು ಹೊತ್ತುಗಳಿರುತ್ತವೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ನಾಲ್ಕನೆಯದಾಗಿ, ಹಾರಾಟದ ಅವಧಿ ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆ. ಚಕ್ರ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟಿದ ಕ್ಷಣದವರೆಗಿನದು ಒಂದು. ನಿಂತ ಜಾಗದಿಂದ ಕದಲಿ, ಮತ್ತೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನದು ಇನ್ನೊಂದು. ವೇಳಾಪಟ್ಟಿಗಳಲ್ಲಿ ಮುದ್ರಿತವಾಗುವುದು ಇದು. ಮನೆಯ ಹೊಸ್ತಿಲಿನಿಂದ ಮನೆಯ ಹೊಸ್ತಿಲವರೆಗಿನದು ಮೂರನೆಯದು. ಪ್ರಯಾಣಿಕನಿಗೆ ನಿಜವಾದದ್ದು ಇದೇ. ಇವೆಲ್ಲವನ್ನೂ ಗಮನಿಸಿದರೆ, ಬಾರಾಮತಿಯಿಂದ ಬೆಳಗಾವಿಗೆ ಎಪ್ಪತ್ತು ಆಸನದ ವಿಮಾನವೊಂದು ಹಾರುವುದಾದರೆ 32 ನಿಮಿಷದ ಲೆಕ್ಕ 45–50 ನಿಮಿಷಕ್ಕೆ ಏರುತ್ತದೆ ಎನ್ನಬಹುದು. ಹಳೆಯ ಮಾನದಲ್ಲಿ ಹೇಳುವುದಾದರೆ ಇಪ್ಪತ್ತನಾಲ್ಕು ನಿಮಿಷದ ಗಳಿಗೆಗಳು ಎರಡು. ಅದೇ ಒಂದು ಮುಹೂರ್ತ.

ಕಲಿಯುವ ಚಾಲಕರಿಗೆ ಈ ಅಂಕಿಗಳು ಪರೀಕ್ಷೆಯ ವಸ್ತುವೂ ಹೌದು. ವಾಣಿಜ್ಯ ವಿಮಾನಚಾಲಕನ ಪರವಾನಗಿ ಪಡೆಯಬೇಕಾದವನು ಒಂಟಿಯಾಗಿ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ದೂರ ಹಾರಿ, ದಾರಿಯಲ್ಲಿ ಬೇರೆ ಎರಡು ನೆಲೆಗಳಲ್ಲಿ ಇಳಿಯಬೇಕೆಂಬ ನಿಯಮವಿದೆ. ಬಾರಾಮತಿಯಿಂದ ಬೆಳಗಾವಿಗೆ ಹೋಗಿ ಬಂದರೆ 284 ನಾಟಿಕಲ್ ಮೈಲಿಯಾಗುತ್ತದೆ. 16 ಮೈಲಿ ಸಾಲದೆ ಹೋಗುತ್ತದೆ. ಇನ್ನೊಂದು ನೆಲೆಯಲ್ಲಿ ಇಳಿದು ಸುತ್ತಿ ಬಂದರೆ ಮಾತ್ರ ಆ ವಿದ್ಯಾರ್ಥಿಯ ದೂರ ದೂರವೆನಿಸಿಕೊಳ್ಳುತ್ತದೆ.

5. ಕೂಗಳತೆ, ಗಾವುದ, ಯೋಜನ

ಇದೇ 263 ಕಿ.ಮೀ.ಯನ್ನು ಪ್ರಾಚೀನ ಮಾನಗಳಲ್ಲಿ ಹೇಳಬೇಕಾದರೆ ಏನಾಗುತ್ತದೆ ಎಂಬುದು ಕನ್ನಡದ ವಿದ್ಯಾರ್ಥಿಗೆ ಹೆಚ್ಚು ಪ್ರಸ್ತುತವಾದ ಪ್ರಶ್ನೆ. ಮೊದಲು ಶಬ್ದಗಳ ಮೂಲವನ್ನು ನೋಡಬೇಕು. ಕೂಗಿದರೆ ಕೇಳಿಸುವಷ್ಟು ದೂರಕ್ಕೆ ಕನ್ನಡದಲ್ಲಿ ಕೂಗಳತೆ ಎನ್ನುತ್ತಾರೆ. ಸಂಸ್ಕೃತದ ಕ್ರೋಶ ಶಬ್ದವೂ ಕೂಗು ಎಂಬ ಅರ್ಥದ ಕ್ರುಶ್ ಧಾತುವಿನಿಂದಲೇ ಬಂದದ್ದು. ಆಕ್ರೋಶದಲ್ಲಿರುವುದೂ ಅದೇ ಧಾತು. ಗವ್ಯೂತಿ ಎಂಬುದರಲ್ಲಿ ಗೋವು ಇದೆ, ಹುಲ್ಲುಗಾವಲಿನ ಅರ್ಥವಿದೆ. ಅಮರಕೋಶವು ಇದನ್ನು ಎರಡು ಕ್ರೋಶವೆನ್ನುತ್ತದೆ. ಕನ್ನಡದ ಗಾವುದ ಪ್ರಾಕೃತದ ಮೂಲಕ ಇದರಿಂದ ಬಂದ ತದ್ಭವ. ಯೋಜನ ಎಂಬುದು ಯುಜ್ ಧಾತುವಿನಿಂದ ಬಂದಿದೆ. ನೊಗ ಹೂಡಿದ ಎತ್ತುಗಳು ಒಂದು ಹೂಟೆಯಲ್ಲಿ ಸಾಗುವ ದಾರಿ. ಹೀಗೆ ಮೂರೂ ಮಾನಗಳು ಹುಟ್ಟಿನಲ್ಲಿ ಬದುಕಿನ ಅಳತೆಗಳು: ಕಂಠದ ಶಕ್ತಿ, ಮೇವಿನ ಹರವು, ಎತ್ತಿನ ಕಸುವು. ಮುಂದೆ ಶಾಸ್ತ್ರಕಾರರು ಅವನ್ನು ಕೋಷ್ಟಕದಲ್ಲಿ ಕೂರಿಸಿದರು.

ಆದರೆ ಕೋಷ್ಟಕಗಳು ಒಂದೇ ಆಗಿಲ್ಲ. ಲೀಲಾವತಿಯ ಪ್ರಕಾರ ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಹಸ್ತವನ್ನು ಹದಿನೆಂಟು ಅಂಗುಲದ ಮೊಳವೆಂದು ಹಿಡಿದರೆ ಯೋಜನವು 14 ಕಿ.ಮೀ.ಗೂ ತುಸು ಹೆಚ್ಚಾಗುತ್ತದೆ. ಆರ್ಯಭಟನು ಭೂಮಿಯ ವ್ಯಾಸವನ್ನು 1,050 ಯೋಜನವೆನ್ನುತ್ತಾನೆ. ಸೂರ್ಯಸಿದ್ಧಾಂತವು 1,600 ಯೋಜನವೆನ್ನುತ್ತದೆ. ಇಬ್ಬರೂ ಭೂಮಿಯ ಗಾತ್ರವನ್ನು ಹೆಚ್ಚುಕಡಿಮೆ ಸರಿಯಾಗಿಯೇ ತಿಳಿದಿದ್ದರೆಂದು ಇಟ್ಟುಕೊಂಡರೆ, ಸುಮಾರು 12,740 ಕಿ.ಮೀ. ವ್ಯಾಸದ ಭೂಮಿಗೆ ಮೊದಲನೆಯವನ ಯೋಜನ ಸುಮಾರು 12 ಕಿ.ಮೀ., ಎರಡನೆಯದು ಸುಮಾರು 8 ಕಿ.ಮೀ. ಆಗುತ್ತದೆ. ಅಂದಮೇಲೆ ಬಾರಾಮತಿಯಿಂದ ಬೆಳಗಾವಿ ಲೀಲಾವತಿಯ ಕೋಷ್ಟಕದಂತೆ 18 ಯೋಜನ, ಆರ್ಯಭಟನ ಮಾನದಂತೆ ಸುಮಾರು 22 ಯೋಜನ, ಸೂರ್ಯಸಿದ್ಧಾಂತದ ಮಾನದಂತೆ 33 ಯೋಜನ. ಊರುಗಳು ಕದಲಿಲ್ಲ, ಅಳತೆಗೋಲು ಬದಲಾಗಿದೆ.

ಗಾವುದದ ಸಂಗತಿಯೂ ಇದಕ್ಕೆ ಭಿನ್ನವಲ್ಲ. ಗಾವುದಕ್ಕೆ ಹನ್ನೆರಡು ಮೈಲಿಯೆಂದು ಅರ್ಥ ಹೇಳುವುದುಂಟು. ಅಮರಕೋಶದ ಎರಡು ಕ್ರೋಶದ ಗವ್ಯೂತಿ ಅಷ್ಟು ದೊಡ್ಡದಾಗಲಾರದು. ಹರದಾರಿಗೆ ಮೂರು ಮೈಲಿಯೆಂಬುದು ಉತ್ತರ ಕರ್ನಾಟಕದ ರೂಢಿ. ಕಾವ್ಯಗಳ ಸಂಪಾದಕರು ಅಡಿಟಿಪ್ಪಣಿಯಲ್ಲಿ ‘ಗಾವುದ = ಹನ್ನೆರಡು ಮೈಲಿ’, ‘ಯೋಜನ = ಎಂಟು ಮೈಲಿ’ ಎಂದು ಬರೆದುಬಿಟ್ಟರೆ ಓದುಗನಿಗೆ ಖಚಿತವಾದ ಅಂಕಿ ಸಿಕ್ಕಿತೆಂಬ ಸಮಾಧಾನವಾಗುತ್ತದೆ; ಆದರೆ ಆ ಖಚಿತತೆ ಕೃತಿಯದ್ದಲ್ಲ, ಟಿಪ್ಪಣಿಕಾರನದು. ಆ ಅಂಕಿಯನ್ನೇ ಹಿಡಿದು ಒಂದು ಊರನ್ನೋ ರಣರಂಗವನ್ನೋ ಗುರುತಿಸಹೊರಟರೆ ಸಂಶೋಧನೆ ಊರಿಂದೂರಿಗೆ ಜಾರುತ್ತದೆ. 18 ಯೋಜನವೂ 33 ಯೋಜನವೂ ಒಂದೇ ದೂರವಾಗಿರಬಲ್ಲವು ಎಂಬ ಮೇಲಿನ ಲೆಕ್ಕ ಈ ಅಪಾಯದ ಪ್ರಮಾಣವನ್ನು ತೋರಿಸುತ್ತದೆ.

6. ಕಾವ್ಯದ ಆಕಾಶಮಾರ್ಗ

ಆಕಾಶದಲ್ಲಿ ದಾರಿ ನೇರವಾಗಿರಬೇಕೆಂಬ ನಿಯಮವೇನೂ ಕವಿಗಳಿಗೆ ಇರಲಿಲ್ಲ. ಕಾಳಿದಾಸನ ಮೇಘದೂತದಲ್ಲಿ ಯಕ್ಷನು ರಾಮಗಿರಿಯಿಂದ ಅಲಕೆಗೆ ಹೋಗಬೇಕಾದ ಮೋಡಕ್ಕೆ ದಾರಿಯನ್ನು ವಿವರಿಸುತ್ತಾನೆ. ಉತ್ತರಕ್ಕೆ ಹೊರಟವನಿಗೆ ಉಜ್ಜಯಿನಿ ಸುತ್ತುದಾರಿಯೆಂದು ಅವನೇ ಒಪ್ಪಿಕೊಂಡರೂ ಆ ಊರನ್ನು ತಪ್ಪಿಸಬಾರದೆಂದು ಹೇಳುತ್ತಾನೆ. ವಿರಹಿಯಾದವನಿಗೆ ಹೊತ್ತು ಅತ್ಯಮೂಲ್ಯ; ಆದರೂ ಅವನು ನೇರ ದೂರವನ್ನು ಬಯಸಲಿಲ್ಲ. ದ. ರಾ. ಬೇಂದ್ರೆಯವರೂ ಎಸ್. ವಿ. ಪರಮೇಶ್ವರ ಭಟ್ಟರೂ ಕನ್ನಡಕ್ಕೆ ತಂದ ಈ ಕಾವ್ಯವನ್ನು ಒಂದು ವಾಯುಮಾರ್ಗದ ವರ್ಣನೆಯಾಗಿಯೂ ಓದಬಹುದು. ಎಲ್ಲಿ ಇಳಿಯಬೇಕು, ಎಲ್ಲಿ ನೀರು ತುಂಬಿಕೊಳ್ಳಬೇಕು, ಎಲ್ಲಿ ತಂಗಬೇಕು ಎಂಬ ವಿವರಗಳು ಅಲ್ಲಿವೆ. ಅಲ್ಲಿ ದೂರವನ್ನು ಗುರುತಿಸುವುದು ಬೆಟ್ಟ, ನದಿ, ಊರುಗಳು.

ವಿಮಾನವೆಂಬ ಶಬ್ದವೇ ಇಲ್ಲಿ ವಿಚಾರಿಸಬೇಕಾದದ್ದು. ಅದರ ಮೂಲ ‘ಮಾ’ ಎಂಬ ಧಾತು. ಅಳೆ ಎಂಬುದು ಅದರ ಅರ್ಥ. ಮಾನ, ಪ್ರಮಾಣ, ಪರಿಮಾಣಗಳಲ್ಲಿ ಇರುವುದು ಇದೇ. ಅಳೆಯುತ್ತ ಸಾಗುವುದು ವಿಮಾನ. ದೇವಾಲಯದ ಗರ್ಭಗೃಹದ ಮೇಲೆ ಪ್ರಮಾಣಬದ್ಧವಾಗಿ ಏಳುವ ರಚನೆಯೂ ವಿಮಾನ. ದೇವತೆಗಳ ವಾಹನವೂ ವಿಮಾನ. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರವೊಂದು ಬಂದಾಗ ಕನ್ನಡವು ಹೊಸ ಶಬ್ದವನ್ನು ಹುಡುಕದೆ ಇದ್ದುದನ್ನೇ ಅದಕ್ಕೆ ಕೊಟ್ಟಿತು. ಪ್ರತಿ ಕ್ಷಣವೂ ತನ್ನ ಎತ್ತರ, ವೇಗ, ದಿಕ್ಕುಗಳನ್ನು ಅಳೆದುಕೊಳ್ಳದೆ ಹಾರಲಾರದ ಆ ಯಂತ್ರಕ್ಕೆ ಈ ಹೆಸರು ಪುರಾಣದ ವಾಹನಕ್ಕಿಂತಲೂ ಹೆಚ್ಚು ಒಪ್ಪುತ್ತದೆ.

7. ಅಂಕಿಯ ಹಿಂದಿನ ಪ್ರಶ್ನೆಗಳು

ಈ ವಿಚಾರ ಪದಗಳ ಸೂಕ್ಷ್ಮಕ್ಕಷ್ಟೇ ಸೀಮಿತವಲ್ಲ. ಸಾರ್ವಜನಿಕ ಬದುಕಿನಲ್ಲಿ ಇದಕ್ಕೆ ಬೆಲೆಯಿದೆ. 2016ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಉಡಾನ್ ಯೋಜನೆಯಡಿ ಸಣ್ಣ ಊರುಗಳ ನಡುವಣ ವಿಮಾನಗಳಲ್ಲಿ ಅರ್ಧದಷ್ಟು ಆಸನಗಳಿಗೆ, ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯೆಂದು ದರದ ಮಿತಿಯನ್ನು ಆರಂಭದಲ್ಲಿ ಗೊತ್ತುಪಡಿಸಲಾಯಿತು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಮೊದಲ ಹಾರಾಟ ನಡೆಯಿತು. 2019ರ ಮೂರನೆಯ ಹಂತದಲ್ಲಿ ಬೆಳಗಾವಿ ಈ ಯೋಜನೆಗೆ ಸೇರಿತು. ದೂರವೂ ಹೊತ್ತೂ ಇಲ್ಲಿ ಹಣದ ಅಳತೆಗಳಾದುವು. ಎರಡು ಊರುಗಳ ನಡುವಣ ಅಂಕಿಯನ್ನು ಯಾವ ಬಗೆಯಲ್ಲಿ ಹಿಡಿಯುತ್ತಾರೆ ಎಂಬುದರ ಮೇಲೆ ಪ್ರಯಾಣಿಕನು ಕೊಡಬೇಕಾದ ದರ ನಿಂತಿರುತ್ತದೆ.

ಇನ್ನೊಂದು ಕಡೆ, ವಿಜಯಪುರ, ಕಲಬುರ್ಗಿ ಸೀಮೆಗಳ ದುಡಿಮೆಗಾರರು ಪಶ್ಚಿಮ ಮಹಾರಾಷ್ಟ್ರದ ಕಬ್ಬಿನ ನಾಡಿಗೆ ದುಡಿಯಲು ಹೋಗುವುದು ಬಹುಕಾಲದ ರೂಢಿ. ಅವರ ದೂರ 263 ಕಿ.ಮೀ.ಯೂ ಅಲ್ಲ, 270 ಕಿ.ಮೀ.ಯೂ ಅಲ್ಲ. ಎಷ್ಟು ಬಸ್ಸು ಬದಲಿಸಬೇಕು, ಎಲ್ಲಿ ರಾತ್ರಿ ಕಳೆಯಬೇಕು, ಎಷ್ಟು ದಿನದ ಕೂಲಿ ದಾರಿಗೆ ಹೋಗುತ್ತದೆ ಎಂಬುದು ಅವರ ಅಳತೆ. ಬಾರಾಮತಿಯಿಂದ ಬೆಳಗಾವಿ ಮುಕ್ಕಾಲು ಗಂಟೆಯ ದಾರಿ ಎಂಬ ಮಾತು ಗಣಿತವಾಗಿ ಸರಿ. ಅಂಥ ವಿಮಾನವಿಲ್ಲದಿರುವಾಗ ವ್ಯವಹಾರವಾಗಿ ಅದು ಯಾರ ದಾರಿಯೂ ಅಲ್ಲ. ಸರಿಯಾದ ಅಂಕಿಯೂ ತಪ್ಪು ತಿಳಿವಳಿಕೆಯನ್ನು ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಆದ್ದರಿಂದ ಯಾವುದೇ ದೂರವನ್ನು ಕಂಡಾಗ, ಅದು ಶಾಸನದ್ದಾಗಲಿ, ಕಾವ್ಯದ್ದಾಗಲಿ, ಇಂದಿನ ವೇಳಾಪಟ್ಟಿಯದಾಗಲಿ, ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಇದು ಅಳೆದದ್ದೇ, ಎಣಿಸಿದ್ದೇ, ನಡೆದದ್ದೇ? ಯಾವ ಮಾನದಲ್ಲಿ, ಮತ್ತು ಆ ಮಾನಕ್ಕೆ ಆ ಕಾಲದಲ್ಲಿ, ಆ ಸೀಮೆಯಲ್ಲಿ ಯಾವ ಬೆಲೆಯಿತ್ತು? ಇದು ಯಾರ ದೂರ? ಮೊದಲ ಪ್ರಶ್ನೆ ಗಣಿತದ್ದು, ಎರಡನೆಯದು ಭಾಷೆಯದು, ಮೂರನೆಯದು ಸಮಾಜದ್ದು. ಮೊದಲನೆಯದಕ್ಕೆ ಇಂದು ಯಂತ್ರಗಳು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತವೆ. ಉಳಿದೆರಡನ್ನು ಕೇಳುವ ಹೊಣೆ ಪಠ್ಯಗಳನ್ನು ಓದುವವರ ಮೇಲೆಯೇ ಉಳಿದಿದೆ. ಗಾವುದಕ್ಕೆ ಮೈಲಿಯ ಅಂಕಿಯನ್ನು ಬರೆದು ಮುಂದೆ ಸಾಗುವ ಬದಲು ಆ ಸಾಲಿನಲ್ಲಿ ನಡೆಯುತ್ತಿರುವವರು ಯಾರು, ಎತ್ತಿನ ಬಂಡಿಯೋ ಆನೆಯ ಪಡೆಯೋ ಒಂಟಿ ಜಂಗಮನೋ ಎಂದು ನಿಂತು ನೋಡಿದರೆ, ಆ ದೂರದ ಅರ್ಥ ಹೆಚ್ಚಿನ ಪಾಲು ತಾನಾಗಿ ತಿಳಿಯುತ್ತದೆ.